ತೆರೆದ ಬಾಗಿಲಿನ ಕಾವಲು

ಕೆಲವು ಅನುಕೂಲಗಳು ಇರುವಾಗ ಕಣ್ಣಿಗೆ ಬೀಳುವುದಿಲ್ಲ. ಇಲ್ಲವಾದಾಗ ಮಾತ್ರ ಬೀಳುತ್ತವೆ. ನಲ್ಲಿಯಲ್ಲಿ ನೀರು ಬರುತ್ತಿರುವಷ್ಟು ಕಾಲ, ಅದನ್ನು ಹರಿಯಬಿಡಲು ಎಲ್ಲಿಯೋ ಒಬ್ಬಾತ ನಡುರಾತ್ರಿಯಲ್ಲಿ ಎದ್ದು ತಿರುಪು ತಿರುಗಿಸುತ್ತಾನೆಂಬುದು ಯಾರಿಗೂ ನೆನಪಾಗದು. ಒಂದು ಮುಂಜಾನೆ ನಲ್ಲಿ ಬುಸುಗುಟ್ಟಿ ಸುಮ್ಮನಾಯಿತೆಂದರೆ ಇಡೀ ಬೀದಿಗೆ ಆತನ ನೆನಪಾಗುತ್ತದೆ. ಆ ನೆನಪು ಆಶೀರ್ವಾದದ ರೂಪದಲ್ಲಿರುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇಂದಿನ ವಿಶ್ವವಿದ್ಯಾನಿಲಯದ ಆವರಣದಲ್ಲಿ ಅಂತರಜಾಲವೂ ಇ-ಮೇಲೂ ಇಂಥ ನಲ್ಲಿಯ ನೀರೇ ಆಗಿವೆ. ಪ್ರವೇಶದ ಅರ್ಜಿಯಿಂದ ಮೊದಲುಗೊಂಡು ಪರೀಕ್ಷೆಯ ಫಲಿತಾಂಶದವರೆಗೆ, ಅಧ್ಯಾಪಕರ ಸಂಬಳದಿಂದ ಹಿಡಿದು ಪುಸ್ತಕಭಂಡಾರದ ಪಟ್ಟಿಯವರೆಗೆ ಎಲ್ಲವೂ ಆ ತಂತಿಗಳ ಮೂಲಕವೇ ಸಾಗಬೇಕು. ನಾಲ್ಕೈದು ವರ್ಷ ಹಗಲಿರುಳೆನ್ನದೆ ದುಡಿದ ಸಂಶೋಧಕನ ಮಹಾಪ್ರಬಂಧವೂ ಅಲ್ಲಿಯ ಯಾವುದೋ ಪೆಟ್ಟಿಗೆಯೊಳಗೇ ಇರುತ್ತದೆ. ಇದು ಇಂಜಿನಿಯರುಗಳ ಮಾತು, ನಮಗೇಕೆ ಎಂದು ವಾಚಕರು ಪುಟ ಮಗುಚಬಾರದು. ಮಗನನ್ನೋ ಮಗಳನ್ನೋ ಹಾಸ್ಟೆಲಿನಲ್ಲಿಟ್ಟು ಓದಿಸುತ್ತಿರುವ ಪ್ರತಿಯೊಂದು ಮನೆಯ ನೆಮ್ಮದಿಯ ಎಳೆಯೊಂದು ಈ ಜಾಲದಲ್ಲಿ ಹೆಣೆದುಕೊಂಡಿದೆ.

ಈ ಜಾಲವನ್ನು ಕಾಯುವುದು ಬ್ಯಾಂಕಿನ ಖಜಾನೆಯನ್ನು ಕಾಯುವುದಕ್ಕಿಂತಲೂ ಒಂದು ರೀತಿಯಲ್ಲಿ ಕಷ್ಟ. ಗುರುತಿಲ್ಲದವರನ್ನು ಖಜಾನೆಯ ಬಳಿಗೆ ಬಿಡದಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ವಿಶ್ವವಿದ್ಯಾನಿಲಯವಾದರೋ ಬಾಗಿಲು ತೆರೆದಿಡುವುದಕ್ಕಾಗಿಯೇ ಹುಟ್ಟಿದ ಸಂಸ್ಥೆ. ವರ್ಷ ವರ್ಷವೂ ಸಾವಿರಾರು ಹೊಸ ಮುಖಗಳು ಬರುತ್ತವೆ; ಸಾವಿರಾರು ಹಳೆಯ ಮುಖಗಳು ಹೊರಡುತ್ತವೆ. ಒಬ್ಬೊಬ್ಬರ ಕೈಯಲ್ಲಿಯೂ ಒಂದು ಫೋನು, ಹೆಗಲಲ್ಲಿ ಒಂದು ಲ್ಯಾಪ್‌ಟಾಪು. ಪರವೂರಿನ ವಿದ್ವಾಂಸರು ಎರಡು ದಿನಕ್ಕೆಂದು ಬರುತ್ತಾರೆ; ಅವರಿಗೂ ಜಾಲ ಬೇಕು. ಪ್ರಯೋಗಶಾಲೆಯ ಮೂಲೆಯಲ್ಲಿ ಲಕ್ಷಾಂತರ ರೂಪಾಯಿ ಬೆಲೆಯ ಉಪಕರಣವೊಂದಿರುತ್ತದೆ. ಅದಕ್ಕೆ ಜೋಡಿಸಿದ ಮುದಿ ಕಂಪ್ಯೂಟರನ್ನು ಬದಲಿಸಹೊರಟರೆ ಉಪಕರಣವೇ ಮುಷ್ಕರ ಹೂಡುತ್ತದೆ. ಇವರೆಲ್ಲರನ್ನೂ ಒಳಗಿಟ್ಟುಕೊಂಡು, ಬಾಗಿಲನ್ನೂ ಮುಚ್ಚದೆ, ಕಳ್ಳನನ್ನು ಮಾತ್ರ ಹೊರಗಿಡಬೇಕು!

ಬಾಗಿಲು ಹೀಗೆ ತೆರೆದಿರುವುದಕ್ಕೆ ಚರಿತ್ರೆಯಲ್ಲಿಯೂ ಕಾರಣವುಂಟು. ಈ ಜಾಲ ಬೆಳೆದದ್ದೇ ಒಬ್ಬರನ್ನೊಬ್ಬರು ಬಲ್ಲ ವಿದ್ವಾಂಸರ ನಡುವೆ. ೧೯೭೧ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಇಂಜಿನಿಯರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಇ-ಮೇಲನ್ನು ಕಳುಹಿಸಿದಾಗ, ಆ ಜಾಲದಲ್ಲಿದ್ದ ಕಂಪ್ಯೂಟರುಗಳು ಎಣಿಸಿ ಹೇಳುವಷ್ಟಿದ್ದವು. ಇ-ಮೇಲಿನ ರವಾನೆಗಾಗಿ ೧೯೮೨ರಲ್ಲಿ ಪ್ರಕಟವಾದ ನಿಯಮಗಳಲ್ಲಿ, ಕಳುಹಿಸಿದವನ ಹೆಸರು ನಿಜವೇ ಸುಳ್ಳೇ ಎಂದು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ನೆಂಟರಿಷ್ಟರಷ್ಟೇ ಓಡಾಡುವ ಮನೆಯಲ್ಲಿ ಅಗುಳಿ ಹಾಕುವವರಾರು? ನಮ್ಮ ದೇಶದಲ್ಲಿಯೂ ನಡೆದದ್ದು ಇದೇ. ೧೯೮೬ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಮೊದಲು ಕೈಗೂಡಿಸಿದವರೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐ.ಐ.ಟಿ.ಗಳು, ಮುಂಬಯಿಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಮತ್ತು ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಅಲ್ಲಿಯವರೆಗೆ ಅದು ವಿದ್ವಾಂಸರ ಕುಟುಂಬದ ಸೊತ್ತಾಗಿತ್ತು.

ಆದರೆ ಬಾಗಿಲು ತೆರೆದಿರುವ ಮನೆಗೆ ನೆಂಟರು ಮಾತ್ರವೇ ಬರುತ್ತಾರೆಂಬ ನಿಯಮವಿಲ್ಲವಷ್ಟೆ. ೧೯೮೬ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಸೇರಿದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿಯೊಬ್ಬ ಕಂಪ್ಯೂಟರುಗಳ ಉಸ್ತುವಾರಿಗೆ ಬಂದ. ಆ ದಿನಗಳಲ್ಲಿ ಕಂಪ್ಯೂಟರನ್ನು ಬಳಸಿದ ಹೊತ್ತಿಗೆಲ್ಲ ಬಾಡಿಗೆ ಕಟ್ಟುತ್ತಿದ್ದರು. ತಿಂಗಳ ಲೆಕ್ಕದಲ್ಲಿ ೭೫ ಸೆಂಟುಗಳ ವ್ಯತ್ಯಾಸ ಬಂದಿತು. ಒಂದು ಡಾಲರೂ ಅಲ್ಲ, ಮುಕ್ಕಾಲು ಡಾಲರು! ಬೇರೆ ಯಾರಾದರೂ ಆಗಿದ್ದರೆ ತಮ್ಮ ಜೇಬಿನಿಂದಲೇ ತೆತ್ತು ಕೈತೊಳೆದುಕೊಳ್ಳುತ್ತಿದ್ದರೇನೋ. ಸ್ಟಾಲ್ ಮಹಾಶಯ ಬಿಡಲಿಲ್ಲ. ಲೆಕ್ಕಕ್ಕೆ ಸಿಕ್ಕದ ಆ ಕೆಲವು ಸೆಕೆಂಡುಗಳನ್ನು ಬಳಸಿದವನಾರೆಂದು ಬೆನ್ನುಹತ್ತಿದ. ಸಹೋದ್ಯೋಗಿಗಳ ಮೇಜುಗಳಿಂದ ಮುದ್ರಣಯಂತ್ರಗಳನ್ನು ಎರವಲು ತಂದು, ಒಳಬರುವ ಪ್ರತಿಯೊಂದು ದೂರವಾಣಿ ತಂತಿಗೂ ಜೋಡಿಸಿ, ಅವುಗಳ ಪಕ್ಕದಲ್ಲಿಯೇ ಮಲಗಿ ಕಾದ. ತಿಂಗಳುಗಟ್ಟಲೆ ನಡೆದ ಆ ಬೇಟೆ ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಒಬ್ಬಾತನ ಮನೆಯಲ್ಲಿ ಮುಗಿಯಿತು. ಆತ ಅಮೆರಿಕದ ಸೈನ್ಯಕ್ಕೆ ಸೇರಿದ ಕಂಪ್ಯೂಟರುಗಳಲ್ಲಿ ಇಣುಕಿ, ಸಿಕ್ಕಿದ ಸಮಾಚಾರವನ್ನು ಸೋವಿಯೆತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದ ತಂಡಕ್ಕೆ ಸೇರಿದವನು.

ಸ್ಟಾಲ್ ೧೯೮೯ರಲ್ಲಿ ಪ್ರಕಟಿಸಿದ ತನ್ನ ಪುಸ್ತಕಕ್ಕೆ ಕೋಗಿಲೆಯ ಮೊಟ್ಟೆ ಎಂಬರ್ಥದ ಹೆಸರನ್ನಿಟ್ಟ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವುದನ್ನು ಬಲ್ಲ ನಮ್ಮ ಜನಕ್ಕೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಳ್ಳ ಬಹುಮಟ್ಟಿಗೆ ಯಾವ ಬೀಗವನ್ನೂ ಮುರಿದವನಲ್ಲ. ಕಾರ್ಖಾನೆಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನೇ ಬದಲಾಯಿಸದೆ ಬಿಟ್ಟಿದ್ದ ಯಂತ್ರಗಳ ಬಾಗಿಲನ್ನು ಸುಮ್ಮನೆ ತಳ್ಳಿ ನೋಡಿದ. ಎಷ್ಟೋ ಕಡೆ ಬಾಗಿಲು ತೆರೆದುಕೊಂಡಿತು. ಬೀಗ ಹಾಕಿ, ಬೀಗದ ಕೈಯನ್ನು ಹೊಸಲಿನ ಮೇಲಿಡುವ ಪದ್ಧತಿ ನಮ್ಮ ದೇಶದ್ದೊಂದೇ ಅಲ್ಲವೆಂದಾಯಿತು.

ಎರಡೇ ವರ್ಷಗಳಲ್ಲಿ ಇನ್ನೊಂದು ಪಾಠ ಒದಗಿತು. ಈ ಸಲ ಅದನ್ನು ಕಲಿಸಿದವನು ಹೊರಗಿನವನಲ್ಲ, ಮನೆಯ ಮಗನೇ. ೧೯೮೮ರ ನವೆಂಬರ್ ೨ರ ಸಂಜೆ ಕಾರ್ನೆಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಟಪ್ಪನ್ ಮಾರಿಸ್ ಎಂಬ ಸಂಶೋಧನ ವಿದ್ಯಾರ್ಥಿ, ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಿದಾಡುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದು, ಎಂ.ಐ.ಟಿ.ಯ ಕಂಪ್ಯೂಟರೊಂದರಿಂದ ಜಾಲಕ್ಕೆ ಬಿಟ್ಟ. ಇ-ಮೇಲನ್ನು ಸಾಗಿಸುವ ಪ್ರೋಗ್ರಾಮಿನ ಒಂದು ದೋಷ, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡುಗಳು, ಇವೇ ಅದಕ್ಕೆ ದಾರಿಯಾದುವು. ಅದು ಯಾರ ಕಡತವನ್ನೂ ಅಳಿಸಲಿಲ್ಲ. ಆದರೆ ಒಂದೇ ಯಂತ್ರದೊಳಗೆ ಮತ್ತೆ ಮತ್ತೆ ಹುಟ್ಟಿ, ಯಂತ್ರ ಬೇರಾವ ಕೆಲಸವನ್ನೂ ಮಾಡಲಾರದಂತೆ ಬಳಲಿಸಿಬಿಟ್ಟಿತು. ಆಗ ಜಾಲದಲ್ಲಿದ್ದ ಸುಮಾರು ೬೦ ಸಾವಿರ ಯಂತ್ರಗಳ ಪೈಕಿ ೬ ಸಾವಿರದಷ್ಟು ಈ ಹುಳುವಿನ ಬಾಯಿಗೆ ಬಿದ್ದುವೆಂದು ಅಂದಾಜು.

ಆ ರಾತ್ರಿಯ ಒಂದು ಸಂಗತಿ ಗಮನಾರ್ಹವಾದುದು. ಗಾಬರಿಯಾದ ಎಷ್ಟೋ ಸಂಸ್ಥೆಗಳು ತಮ್ಮ ಜಾಲದ ತಂತಿಯನ್ನೇ ಕಿತ್ತುಹಾಕಿದುವು. ಅತ್ತ ಬರ್ಕ್ಲಿ, ಪರ್ಡ್ಯೂ ಮೊದಲಾದ ವಿಶ್ವವಿದ್ಯಾನಿಲಯಗಳ ಪಂಡಿತರು ನಿದ್ದೆಗೆಟ್ಟು ಮದ್ದನ್ನು ಕಂಡುಹಿಡಿದರು. ಆದರೆ ಮದ್ದು ಬರಬೇಕಾದದ್ದು ಕಿತ್ತುಹಾಕಿದ ಆ ತಂತಿಯ ಮೇಲೆಯೇ! ಇಂಥ ಹೊತ್ತಿಗೆಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ತುರ್ತು ನೆರವಿನ ಕೇಂದ್ರವೊಂದು ಅದೇ ವರ್ಷ ಹುಟ್ಟಿಕೊಂಡಿತು. ಜಾಲ ಕೆಟ್ಟಾಗ ಯಾರಿಗೆ ತಿಳಿಸಬೇಕು, ಹೇಗೆ ತಿಳಿಸಬೇಕು ಎಂಬುದನ್ನು ಕಾಗದದ ಮೇಲೆ ಬರೆದು, ದೂರವಾಣಿ ಸಂಖ್ಯೆಗಳ ಸಹಿತ ಗೋಡೆಗೆ ಅಂಟಿಸಿಡುವ ಸಂಸ್ಥೆಯನ್ನು ಹಳೆಯ ಕಾಲದ್ದೆಂದು ನಗಬೇಡಿ. ಅದು ಬುದ್ಧಿವಂತ ಸಂಸ್ಥೆ. ಮಾರಿಸನಿಗೆ ನ್ಯಾಯಾಲಯ ೧೯೯೦ರಲ್ಲಿ ಜುಲ್ಮಾನೆಯನ್ನೂ ೪೦೦ ಗಂಟೆಗಳ ಸಮಾಜಸೇವೆಯನ್ನೂ ವಿಧಿಸಿತು. ಮುಂದೆ ಆತ ಎಂ.ಐ.ಟಿ.ಯಲ್ಲಿಯೇ ಪ್ರಾಧ್ಯಾಪಕನಾದ. ತಪ್ಪಿದ ಮಗನನ್ನು ಮರಳಿ ಮನೆಯೊಳಗೆ ಕರೆದುಕೊಳ್ಳುವ ಔದಾರ್ಯ ವಿದ್ಯಾಸಂಸ್ಥೆಗಳಿಗೆ ಒಪ್ಪುವಂಥದೇ.

ಆದರೆ ಕುತೂಹಲಕ್ಕಾಗಿ ಬಾಗಿಲು ತಳ್ಳುವ ವಿದ್ಯಾರ್ಥಿಗಳ ಕಾಲ ಹೋಗಿ, ಒತ್ತೆಹಣಕ್ಕಾಗಿ ಕಾದು ಕೂಡುವ ದರೋಡೆಕೋರರ ಕಾಲ ಬಂದಿದೆ. ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ವಿಶ್ವವಿದ್ಯಾನಿಲಯದ ಕಥೆಯನ್ನು ಕೇಳಿ. ೨೦೧೯ರ ಅಕ್ಟೋಬರ್ ೧೫ ಮತ್ತು ೧೬ರಂದು ಬಂದ ಎರಡು ಮೋಸದ ಇ-ಮೇಲುಗಳನ್ನು ಅಲ್ಲಿಯ ಸಿಬ್ಬಂದಿ ತೆರೆದರು. ದಿನಕ್ಕೆ ಹತ್ತಾರು ಪತ್ರ ತೆರೆಯುವವರ ಪಾಲಿಗೆ ಅದೊಂದು ಮಾಮೂಲು ಸಂಗತಿ. ಆದರೆ ಆ ಸಂದಿಯಿಂದ ಒಳನುಗ್ಗಿದವರು ಒಂದು ಕೋಣೆಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಸರಿದರು. ೨೦೧೭ರಲ್ಲಿಯೇ ಬಿಡುಗಡೆಯಾಗಿದ್ದ ತೇಪೆಯನ್ನು ಹಾಕದೆ ಬಿಟ್ಟಿದ್ದ ಸರ್ವರುಗಳು ಅವರಿಗೆ ಮೆಟ್ಟಿಲಾದುವು. ನವೆಂಬರ್ ೨೧ರ ಹೊತ್ತಿಗೆ ಇಡೀ ಮನೆಯ ಬೀಗದ ಕೈಗೊಂಚಲು ಅವರ ಕೈಯಲ್ಲಿತ್ತು. ಡಿಸೆಂಬರ್ ೨೩ರಂದು, ಎಲ್ಲರೂ ಕ್ರಿಸ್‌ಮಸ್ ರಜೆಗೆ ಹೊರಟಿದ್ದಾಗ, ೨೬೭ ಸರ್ವರುಗಳಲ್ಲಿದ್ದ ಕಡತಗಳನ್ನೆಲ್ಲ ಓದಲಾಗದ ಗುಪ್ತಲಿಪಿಗೆ ತಿರುಗಿಸಿಬಿಟ್ಟರು. ಆಪತ್ಕಾಲಕ್ಕೆಂದು ತೆಗೆದಿಟ್ಟಿದ್ದ ನಕಲು ಪ್ರತಿಗಳಲ್ಲಿ ಕೆಲವು ಅದೇ ಜಾಲಕ್ಕೆ ಜೋಡಿಸಿದ್ದರಿಂದ, ಅವೂ ಅವರ ವಶವಾದುವು.

ಮೊದಲ ಪತ್ರಕ್ಕೂ ಕೊನೆಯ ಪೆಟ್ಟಿಗೂ ನಡುವೆ ಹತ್ತು ವಾರಗಳು ಸಂದಿದ್ದುವೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮನೆಯಲ್ಲಿ ಹತ್ತು ವಾರ ಕಳ್ಳ ವಾಸವಾಗಿದ್ದ, ಯಾರಿಗೂ ತಿಳಿಯಲಿಲ್ಲ.

ವಿಶ್ವವಿದ್ಯಾನಿಲಯದ ಆಡಳಿತ ಧರ್ಮಸಂಕಟಕ್ಕೆ ಸಿಕ್ಕಿತು. ಎಲ್ಲವನ್ನೂ ಹೊಸದಾಗಿ ಕಟ್ಟುವುದಕ್ಕೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ವಿದ್ಯಾರ್ಥಿಗಳ ಪರೀಕ್ಷೆ, ಸಂಶೋಧಕರ ವರ್ಷಗಟ್ಟಲೆಯ ದುಡಿಮೆ, ನೌಕರರ ಸಂಬಳ ಏನಾಗಬೇಕು? ಕೊನೆಗೆ ಡಿಸೆಂಬರ್ ೩೦ರಂದು ೩೦ ಬಿಟ್‌ಕಾಯಿನ್, ಅಂದರೆ ಆಗಿನ ಬೆಲೆಯಲ್ಲಿ ಸುಮಾರು ೨ ಲಕ್ಷ ಯೂರೋ, ತೆತ್ತು ಕಡತಗಳನ್ನು ಬಿಡಿಸಿಕೊಂಡರು. ದರೋಡೆಕೋರನಿಗೆ ಹಣ ಕೊಡುವುದು ಸರಿಯೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕೊಟ್ಟ ಹಣ ಮುಂದಿನ ದರೋಡೆಗೆ ಬಂಡವಾಳವಾಗುತ್ತದೆ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ವಿಶ್ವವಿದ್ಯಾನಿಲಯ ಮಾಡಿದ ಇನ್ನೊಂದು ಕೆಲಸ ಎಲ್ಲರೂ ಮೆಚ್ಚಬೇಕಾದದ್ದು. ೨೦೨೦ರ ಫೆಬ್ರವರಿಯಲ್ಲಿ ಬಹಿರಂಗ ಸಭೆಯನ್ನು ಕರೆದು, ನಡೆದುದೆಲ್ಲವನ್ನೂ, ತನ್ನ ಲೋಪಗಳನ್ನೂ ಸೇರಿಸಿ, ತನಿಖೆಯ ವರದಿಯೊಡನೆ ಲೋಕದ ಮುಂದಿಟ್ಟಿತು. ಇತರ ವಿದ್ಯಾಸಂಸ್ಥೆಗಳು ಅದನ್ನೋದಿ ತಮ್ಮ ಮನೆಯ ಸಂದುಗಳನ್ನು ಮುಚ್ಚಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಕಥೆಗೊಂದು ಸ್ವಾರಸ್ಯದ ಬಾಲವೂ ಉಂಟು. ತೆತ್ತ ಹಣದ ಒಂದು ಪಾಲನ್ನು ಪೊಲೀಸರು ಪತ್ತೆಹಚ್ಚಿ ತಡೆಹಿಡಿದಿದ್ದರು. ಬಿಟ್‌ಕಾಯಿನ್ನಿನ ಬೆಲೆಯೇರಿದ್ದರಿಂದ ೨೦೨೨ರ ಹೊತ್ತಿಗೆ ಆ ಪಾಲೊಂದೇ ಸುಮಾರು ೫ ಲಕ್ಷ ಯೂರೋ ಆಗಿತ್ತು! ಅದನ್ನು ಕಷ್ಟದಲ್ಲಿರುವ ವಿದ್ಯಾರ್ಥಿಗಳ ನೆರವಿಗೆ ಬಳಸುವುದಾಗಿ ವಿಶ್ವವಿದ್ಯಾನಿಲಯ ಸಾರಿತು.

ದೂರದ ಊರಿನ ಮಾತೆಂದು ನಾವು ನಿಶ್ಚಿಂತರಾಗುವಂತಿಲ್ಲ. ೨೦೨೨ರ ನವೆಂಬರ್ ೨೩ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸರ್ವರುಗಳ ಮೇಲೆ ಇಂಥದೇ ದಾಳಿ ನಡೆದು, ದೇಶದ ಆ ಮಹಾಸಂಸ್ಥೆ ಹಲವು ದಿನ ರೋಗಿಗಳ ಚೀಟಿಗಳನ್ನು ಕೈಬರೆಹದಲ್ಲಿಯೇ ನಡೆಸಬೇಕಾಯಿತು.

ಹಾಗಾದರೆ ತೆರೆದ ಬಾಗಿಲಿನ ಮನೆಯನ್ನು ಕಾಯುವುದು ಹೇಗೆ? ಕೋಟೆ ಕಟ್ಟುವುದರಿಂದಲ್ಲ, ಮನೆವಾರ್ತೆಯಿಂದ. ಮನೆಯೊಡತಿಗೆ ತಿಳಿಯದ ಸೂತ್ರ ಇದರಲ್ಲಿ ಒಂದೂ ಇಲ್ಲ. ಅಂಗಳಕ್ಕೆ ಬಂದವರೆಲ್ಲರೂ ಅಡಿಗೆಮನೆಗೆ ಬರುವುದಿಲ್ಲ. ಹಾಗೆಯೇ ಅತಿಥಿಗಳ ಜಾಲ, ಹಾಸ್ಟೆಲಿನ ಜಾಲ, ಪರೀಕ್ಷಾ ವಿಭಾಗದ ಜಾಲ ಇವುಗಳ ನಡುವೆ ಗೋಡೆಗಳಿರಬೇಕು. ಆಗ ಒಂದು ಕೋಣೆಯ ಬೆಂಕಿ ಇಡೀ ಮನೆಯನ್ನು ಸುಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಂತೆ, ತಯಾರಕರು ಕಳುಹಿಸುವ ತೇಪೆಗಳನ್ನು ಬಂದ ಕೂಡಲೇ ಹಾಕಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಬಿತ್ತನೆಯ ಕಾಳನ್ನು ಊಟದ ಕಾಳಿನೊಡನೆ ಒಂದೇ ಕಣಜದಲ್ಲಿಡುವ ರೈತನಿಲ್ಲ. ಕಡತಗಳ ನಕಲು ಪ್ರತಿಗಳಲ್ಲಿಯೂ ಒಂದಾದರೂ ಜಾಲದಿಂದ ಬಿಡಿಸಿ ಬೇರೆ ಕಡೆ ಇಟ್ಟದ್ದಾಗಿರಬೇಕು. ಅಷ್ಟೇ ಅಲ್ಲ, ಆಗಾಗ ಅದನ್ನು ಹೊರತೆಗೆದು ಮೊಳಕೆಯೊಡೆಯುತ್ತದೆಯೇ ಎಂದು ನೋಡಬೇಕು. ಪರೀಕ್ಷಿಸದ ನಕಲು ಪ್ರತಿ ಇದ್ದೂ ಇಲ್ಲದಂತೆ.

ವಿಶ್ವಾಸಾರ್ಹತೆಯ ಮಾತೂ ಹೀಗೆಯೇ. ಹೊರಜಗತ್ತಿಗೆ ಎರಡು ತಂತಿಗಳಿವೆಯೆಂದು ಬೀಗುವ ಸಂಸ್ಥೆ, ಎರಡನ್ನೂ ಒಂದೇ ಕಾಲುವೆಯಲ್ಲಿ ಹೂತಿದ್ದರೆ, ರಸ್ತೆ ಅಗೆಯುವ ಯಂತ್ರದ ಒಂದೇ ಹಲ್ಲಿಗೆ ಎರಡೂ ಬಲಿ. ಇನ್ನು ಒಳಗಿನ ತೊಂದರೆಗಳಿಗೆ ಯಾವ ಕಳ್ಳನೂ ಬೇಕಾಗಿಲ್ಲ. ಕೋಣೆಯಲ್ಲಿ ವೈ-ಫೈ ಮಂದವಾಯಿತೆಂದು ಹಾಸ್ಟೆಲಿನ ಹುಡುಗನೊಬ್ಬ ಅಂಗಡಿಯಿಂದ ಪುಟ್ಟ ರೌಟರ್ ತಂದು, ಗೋಡೆಯ ತಂತಿಯನ್ನು ಕೈಗೆ ಸಿಕ್ಕಿದ ತೂತಿಗೆ ತುರುಕುತ್ತಾನೆ. ತೂತು ತಪ್ಪಿತೆಂದರೆ, ಆ ಪೆಟ್ಟಿಗೆ ತನ್ನನ್ನೇ ಆ ಕೇರಿಯ ಪಟೇಲನೆಂದು ಭಾವಿಸಿ, ನೆರೆಹೊರೆಯ ಕಂಪ್ಯೂಟರುಗಳಿಗೆಲ್ಲ ಸುಳ್ಳು ವಿಳಾಸಗಳನ್ನು ಹಂಚತೊಡಗುತ್ತದೆ. ಇಡೀ ಮಹಡಿಗೆ ಅಂತರಜಾಲವಿಲ್ಲ. ಕಾರಣವೇನೆಂದು ಯಾರಿಗೂ ತಿಳಿಯದು. ವಿಳಾಸ ಹಂಚುವ ಅಧಿಕಾರ ತನ್ನ ಯಂತ್ರಕ್ಕೆ ಮಾತ್ರವೆಂದು ಮೊದಲೇ ಕಟ್ಟುಮಾಡಿರುವ ಜಾಣ ಉಸ್ತುವಾರಿಗೆ ಇಂಥ ರಾತ್ರಿಗಳು ಬರುವುದಿಲ್ಲ.

ಇ-ಮೇಲಿನ ಹಳೆಯ ಮುಗ್ಧತೆಗೂ ಈಗ ಮದ್ದುಂಟು. ತನ್ನ ಹೆಸರಿನಲ್ಲಿ ಪತ್ರ ಕಳುಹಿಸುವ ಅಧಿಕಾರ ಯಾವ ಯಾವ ಯಂತ್ರಗಳಿಗಿದೆಯೆಂದು ಸಂಸ್ಥೆ ಬಹಿರಂಗವಾಗಿ ಪಟ್ಟಿ ಹಾಕಬಹುದು. ಪ್ರತಿಯೊಂದು ಪತ್ರಕ್ಕೂ ಖೋಟಾ ಮಾಡಲಾಗದ ಮುದ್ರೆಯೊತ್ತಬಹುದು. ಪಟ್ಟಿಯೂ ಮುದ್ರೆಯೂ ಹೊಂದದ ಪತ್ರ ಬಂದರೆ ತಿರಸ್ಕರಿಸಿರೆಂದು ಜಗತ್ತಿಗೆ ಸಾರಬಹುದು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಬೆದರಿಸುವ ಹೆಸರುಗಳ ಹಿಂದಿರುವುದು ಇಷ್ಟೇ. ಕುಲಸಚಿವರ ಹೆಸರಿನಲ್ಲಿ ಯಾರೋ ಬರೆದ ಸುಳ್ಳು ಪತ್ರ ವಿದ್ಯಾರ್ಥಿಯ ಕೈಸೇರದಂತೆ ಬಹುಮಟ್ಟಿಗೆ ತಡೆಯುವುದು ಈ ಮೂರು.

ಬಹುಮಟ್ಟಿಗೆ ಎಂದೆವು, ಪೂರ್ತಿಯಾಗಿ ಅಲ್ಲ. ಉಳಿದುದು ನಮ್ಮ ನಿಮ್ಮ ಮಕ್ಕಳ ಕೈಯಲ್ಲಿದೆ. ಹಾಸ್ಟೆಲಿಗೆ ಹೊರಡುವ ಮಗುವಿಗೆ ಚಕ್ಕುಲಿ ಉಪ್ಪಿನಕಾಯಿಯ ಡಬ್ಬದೊಡನೆ ನಾಲ್ಕು ಮಾತನ್ನೂ ಕಟ್ಟಿಕೊಡಿ. ಒಂದು ಕಡೆಯ ಪಾಸ್‌ವರ್ಡನ್ನು ಇನ್ನೊಂದು ಕಡೆ ಬಳಸಬೇಡ, ಅದು ಉದ್ದವಾಗಿರಲಿ. ಪಾಸ್‌ವರ್ಡಿನೊಡನೆ ಫೋನಿನಲ್ಲಿ ಎರಡನೆಯ ಗುರುತನ್ನೂ ಕೇಳುವ ಏರ್ಪಾಡಿದ್ದರೆ ಬೇಸರಪಡದೆ ಒಪ್ಪಿಕೋ. ಈ ಗಳಿಗೆಯೇ ಒತ್ತು, ಇಲ್ಲವಾದರೆ ಖಾತೆ ಮುಚ್ಚಿಹೋಗುತ್ತದೆ ಎಂದು ಅವಸರಪಡಿಸುವ ಪತ್ರ ಬಂದರೆ, ಅವಸರವನ್ನೇ ಅನುಮಾನಿಸು. ಒತ್ತಿಬಿಟ್ಟೆಯೋ, ಕೂಡಲೇ ಹೋಗಿ ಹೇಳು.

ಈ ನಾಲ್ಕನೆಯ ಮಾತೇ ಎಲ್ಲಕ್ಕಿಂತ ದೊಡ್ಡದು. ಅದಕ್ಕಾಗಿಯೇ ಇಷ್ಟು ಪೀಠಿಕೆ ಹಾಕಬೇಕಾಯಿತು. ಸುಳ್ಳು ಪತ್ರವನ್ನು ಒತ್ತಿದವನಿಗೆ ಹಲವು ಸಲ ಮರುಕ್ಷಣದಲ್ಲಿಯೇ ಸಂಶಯ ಮೂಡುತ್ತದೆ. ಆದರೆ ಹೇಳಿದರೆ ಬೈಗುಳ, ಪರಿಹಾಸ್ಯ, ಮೇಲಧಿಕಾರಿಯ ಮೆಮೊ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆ ನಾಚಿಕೆಯ ಮೌನವೇ ಕಳ್ಳನಿಗೆ ನಾವು ಹಾಸಿಕೊಡುವ ಹಾಸಿಗೆ. ಮಾಸ್ಟ್ರಿಕ್ಟಿನ ಹತ್ತು ವಾರಗಳನ್ನು ನೆನೆಯಿರಿ. ಒಳಹೊಕ್ಕವನನ್ನು ಮೊದಲ ದಿನವೇ ಹಿಡಿದರೆ ಒಂದು ಯಂತ್ರವನ್ನು ತೊಳೆದಿಟ್ಟರಾಯಿತು. ಕೊನೆಯ ದಿನ ಹಿಡಿದರೆ ಇಡೀ ವಿಶ್ವವಿದ್ಯಾನಿಲಯವನ್ನೇ ತೊಳೆಯಬೇಕು. ಆದುದರಿಂದ ಗುಮಾಸ್ತೆಯಾಗಲಿ ಪ್ರಾಧ್ಯಾಪಕರಾಗಲಿ, ಇಂದೇ ಬಂದ ವಿದ್ಯಾರ್ಥಿನಿಯಾಗಲಿ, ಬಂದು ಹೇಳಿದವರಿಗೆ ‘ಹೇಳಿದ್ದು ಒಳ್ಳೆಯದಾಯಿತು’ ಎಂಬ ಉತ್ತರ ದೊರೆಯುವ ಸಂಸ್ಥೆಯೇ ಸುರಕ್ಷಿತ ಸಂಸ್ಥೆ. ಆ ಒಂದು ಮಾತಿಗೆ ಕಾಸು ಖರ್ಚಿಲ್ಲ. ಅದನ್ನಾಡದ ಕಡೆ ಕೋಟಿ ರೂಪಾಯಿಯ ಯಂತ್ರವೂ ಅರ್ಧ ಕುರುಡೇ.

ಜಾಲವನ್ನು ಕಾಯುವವರ ಪರವಾಗಿಯೂ ಒಂದು ಮಾತು. ಅವರ ಕೆಲಸ ಚೆನ್ನಾಗಿ ನಡೆದ ವರ್ಷ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸಲಿಲ್ಲವೆಂದು ಮುಂದಿನ ವರ್ಷ ಅವರ ಹಣವನ್ನು ಮೊಟಕುಗೊಳಿಸುವ ಬುದ್ಧಿವಂತಿಕೆ ನಮ್ಮ ಆಡಳಿತ ಮಂಡಲಿಗಳಿಗೆ ಬಾರದಿರಲಿ. ೭೫ ಸೆಂಟಿನ ಲೆಕ್ಕವನ್ನು ಬಿಡದೆ ಹಿಡಿದ ಆ ಖಗೋಳ ವಿಜ್ಞಾನಿಯಂಥವರು ಪ್ರತಿಯೊಂದು ಆವರಣದಲ್ಲಿಯೂ ಒಬ್ಬಿಬ್ಬರಿರುತ್ತಾರೆ. ಅವರಿಗೆ ಬೇಕಾದದ್ದು ಹಾರತುರಾಯಿಯಲ್ಲ. ಅವರು ‘ಇದನ್ನು ಸರಿಪಡಿಸಬೇಕು’ ಎಂದಾಗ ಕೇಳುವ ಕಿವಿ, ‘ಇಂದು ರಾತ್ರಿ ಎರಡು ಗಂಟೆ ಜಾಲವಿರುವುದಿಲ್ಲ’ ಎಂದು ಮುನ್ಸೂಚನೆ ಕೊಟ್ಟಾಗ ಗೊಣಗದೆ ಮಲಗುವ ಜನ.